ಯಾರು ಸರಿಯಬೇಕು, ಯಾವುದು ಸರಿ?

ಹೊನ್ನಾವರದಲ್ಲಿ ಭಟ್ಕಳದ ಟೆಂಪೋ ಹತ್ತಿದವರು ಶರಾವತಿ ಸೇತುವೆ ದಾಟಿ, ಕಾಸರಕೋಡು ಕಳೆದು, ಅಪ್ಸರಕೊಂಡಕ್ಕೆ ಹೋಗುವ ತಿರುವಿನಲ್ಲಿ ಇಳಿಯುವಷ್ಟರಲ್ಲಿ ಒಂದು ಇಂಗ್ಲಿಷ್ ಪದವನ್ನು ಹತ್ತಾರು ಬಾರಿ ಕೇಳಿರುತ್ತಾರೆ. ‘ಒಂಚೂರು ಅಡ್ಜಸ್ಟ್ ಮಾಡ್ಕೊಳ್ಳಿ.’ ಮೂವರ ಸೀಟಿನಲ್ಲಿ ನಾಲ್ವರಾಗುತ್ತಾರೆ. ಮೀನು ಮಾರಿ ಬಂದ ಹೆಂಗಸಿನ ಖಾಲಿ ಬುಟ್ಟಿ ಯಾರದೋ ಕಾಲಬುಡ ಸೇರುತ್ತದೆ. ನಿಂತ ತಾಯಿಯ ಕೈಯಲ್ಲಿದ್ದ ಮಗು ಅಪರಿಚಿತರ ತೊಡೆಯ ಮೇಲೆ ಕೂರುತ್ತದೆ. ‘ಸಾಬ್ರೆ, ಸ್ವಲ್ಪ ಆಚೆ ಸರೀರಿ’, ‘ಬನ್ನಿ ಅಕ್ಕಾ, ಇಲ್ಲೇ ಕೂತ್ಕೊಳ್ಳಿ’ ಎಂಬ ಮಾತುಗಳ ನಡುವೆ ಯಾರೂ ಯಾರ ಜಾತಿಯನ್ನೂ ಕೇಳುವುದಿಲ್ಲ, ಮತವನ್ನೂ ಕೇಳುವುದಿಲ್ಲ. ಸೌಹಾರ್ದದ ಬಗ್ಗೆ ವೇದಿಕೆಗಳಲ್ಲಿ ನಾವು ಆಡುವ ಮಾತುಗಳು ಏನನ್ನು ಬಯಸುತ್ತವೋ ಅದು ಇಲ್ಲಿ ಭಾಷಣವಿಲ್ಲದೆ ನಡೆದುಹೋಗುತ್ತದೆ.

ಆದರೆ ಟೆಂಪೋ ಇಳಿದ ಮೇಲೂ ಆ ಪದ ನಮ್ಮನ್ನು ಬಿಡುವುದಿಲ್ಲ. ಕಚೇರಿಯ ಮೇಜಿನ ಆಚೆಯಿಂದ ಅದೇ ಪದ ಕೇಳಿಬರುತ್ತದೆ. ಮದುವೆಯಾಗಿ ಆರು ತಿಂಗಳಿಗೆ ತವರಿಗೆ ಬಂದು ಅಳುವ ಹುಡುಗಿಗೂ ಅದೇ ಪದವನ್ನು ಹೇಳಲಾಗುತ್ತದೆ. ಚುನಾವಣೆಯ ಹಿಂದಿನ ರಾತ್ರಿ ಎರಡು ಪಕ್ಷಗಳ ಮುಖಂಡರು ಪಿಸುಗುಟ್ಟುವುದೂ ಇದೇ ಪದವನ್ನು. ಪದ ಒಂದೇ, ಉಸಿರಾಡುವ ಗಾಳಿ ಮಾತ್ರ ಬೇರೆ. ಒಂದೆಡೆ ಕರುಣೆಯ ಹೆಸರಾದದ್ದು ಇನ್ನೊಂದೆಡೆ ಅನ್ಯಾಯದ ಹೆಸರಾಗುವುದು ಹೇಗೆ? ಇದು ನಿಘಂಟಿನ ಪ್ರಶ್ನೆಯಷ್ಟೇ ಅಲ್ಲ, ನೈತಿಕ ಪ್ರಶ್ನೆಯೂ ಹೌದು.

ಒಂದು ಪದ, ಹತ್ತು ಅರ್ಥ

ಇಂಗ್ಲಿಷಿನಲ್ಲಿ ಅಡ್ಜಸ್ಟ್ ಎಂದರೆ ಒಂದು ವಸ್ತುವನ್ನು ಅಷ್ಟಿಷ್ಟು ತಿದ್ದಿ ಸರಿಯಾದ ಸ್ಥಿತಿಗೆ ತರುವುದು ಅಥವಾ ಹೊಸ ಪರಿಸ್ಥಿತಿಗೆ ಒಗ್ಗಿಕೊಳ್ಳುವುದು. ಗಡಿಯಾರದ ಮುಳ್ಳನ್ನು ಅಡ್ಜಸ್ಟ್ ಮಾಡಬಹುದು, ಕನ್ನಡಕವನ್ನು ಅಡ್ಜಸ್ಟ್ ಮಾಡಬಹುದು. ನಮ್ಮ ಬಾಯಿಗೆ ಬಂದ ಮೇಲೆ ಆ ಪದ ಹೊಸ ಸಂಸಾರವನ್ನೇ ಹೂಡಿದೆ. ‘ತಿಂಗಳ ಕೊನೆ, ಒಂದೈನೂರು ಅಡ್ಜಸ್ಟ್ ಆಗ್ಬಹುದಾ?’ ಎಂದರೆ ಸಾಲ. ‘ಚಿಲ್ಲರೆ ಇಲ್ಲ, ನಾಳೆ ಅಡ್ಜಸ್ಟ್ ಮಾಡುವಾ’ ಎಂದರೆ ಬಾಕಿ. ‘ಇವತ್ತು ಸಾರು ಇಲ್ಲ, ಉಪ್ಪಿನಕಾಯಿಯಲ್ಲಿ ಅಡ್ಜಸ್ಟ್ ಮಾಡಿ’ ಎಂದರೆ ಬಡತನ, ಕೆಲವೊಮ್ಮೆ ಸೋಮಾರಿತನ. ‘ಹುಡುಗ ಅಡ್ಜಸ್ಟ್ ಆಗ್ತಾನೆ’ ಎಂದರೆ ಒಳ್ಳೆಯ ಸ್ವಭಾವದವನು. ‘ಅವಳು ಅಡ್ಜಸ್ಟ್ ಆಗೋದಿಲ್ಲ’ ಎಂದರೆ ಹಟಮಾರಿ. ‘ಸಾಹೇಬರಿಗೆ ಏನಾದರೂ ಅಡ್ಜಸ್ಟ್ ಮಾಡಿ’ ಎಂದರೆ ಲಂಚ. ‘ಲೆಕ್ಕದಲ್ಲಿ ಅಡ್ಜಸ್ಟ್ ಮಾಡಿದ್ದೇವೆ’ ಎಂದರೆ ಸುಳ್ಳು ಬರೆದಿದ್ದೇವೆ. ‘ಅವರಿಬ್ಬರಿಗೂ ಒಳಗೊಳಗೇ ಅಡ್ಜಸ್ಟ್‌ಮೆಂಟ್’ ಎಂದರೆ ಮೋಸದ ಒಪ್ಪಂದ. 2023ರ ವಿಧಾನಸಭಾ ಚುನಾವಣೆಯ ನಂತರ ‘ಅಡ್ಜಸ್ಟ್‌ಮೆಂಟ್ ರಾಜಕಾರಣ’ ಎಂಬ ಜೋಡಿಪದ ನಮ್ಮ ಪತ್ರಿಕೆಗಳ ತಲೆಬರಹಗಳಲ್ಲಿ ಎಷ್ಟು ಸಲೀಸಾಗಿ ಓಡಾಡಿತೆಂದರೆ, ಅದನ್ನು ಬಿಡಿಸಿ ಹೇಳುವ ಅಗತ್ಯವೇ ಬೀಳಲಿಲ್ಲ.

ಕನ್ನಡದ ವ್ಯಾಕರಣವೂ ಈ ಪದವನ್ನು ತನ್ನಿಷ್ಟದಂತೆ ದುಡಿಸಿಕೊಂಡಿದೆ. ‘ಅಡ್ಜಸ್ಟ್ ಮಾಡು’ ಎಂದಾಗ ಮಾಡುವವನೊಬ್ಬನಿದ್ದಾನೆ. ‘ಅಡ್ಜಸ್ಟ್ ಆಗು’ ಎಂದಾಗ ಮಾಡಿದವನು ಮರೆಯಾಗಿ, ಆದವನಷ್ಟೇ ಉಳಿಯುತ್ತಾನೆ. ಇನ್ನು ‘ಅಡ್ಜಸ್ಟ್ ಮಾಡಿಕೊ’ ಎಂಬುದನ್ನು ಸ್ವಲ್ಪ ನಿಂತು ಗಮನಿಸಬೇಕು. ನಮ್ಮ ಭಾಷೆಯಲ್ಲಿ ಕ್ರಿಯಾಪದಕ್ಕೆ ‘ಕೊಳ್ಳು’ ಸೇರಿದರೆ ಫಲ ಸಾಮಾನ್ಯವಾಗಿ ಮಾಡಿದವನಿಗೇ ಸಲ್ಲುತ್ತದೆ. ತೆಗೆದುಕೊ, ಇಟ್ಟುಕೊ, ಬರೆದುಕೊ. ಆದರೆ ‘ಅಡ್ಜಸ್ಟ್ ಮಾಡಿಕೊ’ ಎಂದು ಹೇಳಿಸಿಕೊಂಡವರಿಗೆ ದಕ್ಕುವ ಫಲ ಯಾವುದು? ಸರಿಯುವವರು ಇವರು, ಕುಗ್ಗುವವರು ಇವರು, ಫಲ ಇನ್ನೊಬ್ಬರಿಗೆ. ಆದರೂ ವ್ಯಾಕರಣ ಮಾತ್ರ ಇದೆಲ್ಲ ನಿನ್ನ ಒಳ್ಳೆಯದಕ್ಕೇ ಎಂದು ಸಮಾಧಾನ ಹೇಳುತ್ತಿರುತ್ತದೆ.

ಇಂಗ್ಲಿಷಿನ ಮುಸುಕು

ನಮ್ಮಲ್ಲಿ ಪದಗಳಿಗೇನೂ ಬರವಿರಲಿಲ್ಲ. ಹೊಂದಾಣಿಕೆ ಇತ್ತು, ಸೈರಣೆ ಇತ್ತು, ಅನುಸರಿಸಿಕೊಂಡು ಹೋಗುವುದಿತ್ತು, ಸುಧಾರಿಸುವುದಿತ್ತು, ಸಂಭಾಳಿಸುವುದಿತ್ತು, ಸರಿದೂಗಿಸುವುದಿತ್ತು. ಅರಬಿಯಿಂದ ಬಂದು ನಮ್ಮದೇ ಆಗಿಹೋದ ‘ರಾಜಿ’ ಇತ್ತು. ಮೂಲದಲ್ಲಿ ಅದು ‘ರಾಝಿ’. ಅಂದರೆ ಒಪ್ಪಿದವನು, ಮನಸ್ಸಿಗೆ ತೃಪ್ತಿಯಾದವನು. ಆ ಪದದ ಬೇರಿನಲ್ಲೇ ಒಪ್ಪಿಗೆ ಇದೆ. ಎರಡೂ ಕಡೆಯವರು ಒಪ್ಪದೆ ಇದ್ದರೆ ಅದು ರಾಜಿಯಾಗದು, ಬರೀ ಶರಣಾಗತಿಯಾದೀತು. ಅಡ್ಜಸ್ಟ್ ಎಂಬ ಪದಕ್ಕೆ ಈ ಕಟ್ಟುಪಾಡಿಲ್ಲ. ಒಪ್ಪಿಗೆ ಇದ್ದರೂ ಅಡ್ಜಸ್ಟ್, ಇಲ್ಲದಿದ್ದರೂ ಅಡ್ಜಸ್ಟ್. ಹಕ್ಕನ್ನು ಬಿಟ್ಟುಕೊಟ್ಟರೂ ಅಡ್ಜಸ್ಟ್, ಕಿತ್ತುಕೊಂಡರೂ ಅಡ್ಜಸ್ಟ್. ಇಷ್ಟು ಸಡಿಲವಾದ ಪದ ಸಿಕ್ಕಿದ ಮೇಲೆ ಬಿಗಿಯಾದ ಪದಗಳನ್ನು ಯಾರು ಬಳಸುತ್ತಾರೆ?

ಲಂಚ ಎಂಬುದು ಕೊಳೆಯಾದ ಪದ. ಅದನ್ನು ಬಾಯಿ ಬಿಟ್ಟು ಕೇಳುವಾಗ ಕೇಳುವವನಿಗೂ ಮುಜುಗರ, ಕೊಡುವವನಿಗೂ ಮುಜುಗರ. ‘ಲಂಚ ಕೊಡಿ’ ಎಂಬ ಎರಡು ಪದಗಳನ್ನು ನಾಲ್ಕು ಜನರ ಎದುರು ಗಟ್ಟಿಯಾಗಿ ಹೇಳುವ ಗುಮಾಸ್ತ ಸಿಗುವುದು ಅಪರೂಪ. ‘ಏನಾದರೂ ಅಡ್ಜಸ್ಟ್ ಮಾಡಿ’ ಎನ್ನುವವರು ಬೇಕಾದಷ್ಟು ಸಿಗುತ್ತಾರೆ. ‘ಹೊಡೆತ ತಿಂದುಕೊಂಡು ಇರು ಮಗಳೇ’ ಎಂದು ಹೇಳಲು ಯಾವ ತಾಯಿಯ ನಾಲಿಗೆಯೂ ಏಳದು. ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡು ಹೋಗು’ ಎನ್ನಲು ಏಳುತ್ತದೆ. ತಾಯ್ನುಡಿಯಲ್ಲಿ ಹೇಳಲು ನಾಚಿಕೆಯಾಗುವುದನ್ನು ಪರನುಡಿಯಲ್ಲಿ ಹೇಳಿ ಮುಗಿಸುವ ಚಾಳಿ ಇದು. ನಾಚಿಕೆ ಎಂಬುದು ಮನುಷ್ಯನಿಗೆ ದೇವರು ಕೊಟ್ಟ ಬೇಲಿ. ಪದದ ಮರೆಯಲ್ಲಿ ಆ ಬೇಲಿಯನ್ನು ಹಾರಿದವನಿಗೆ ಹಾರಿದ್ದೇ ಗೊತ್ತಾಗುವುದಿಲ್ಲ.

ಹಾಗಾದರೆ ಒಂದು ಸರಳ ಪರೀಕ್ಷೆಯನ್ನು ಇಟ್ಟುಕೊಳ್ಳಬಹುದು. ಅಡ್ಜಸ್ಟ್ ಎಂಬ ಪದ ಬಾಯಿಗೆ ಬಂದಾಗಲೆಲ್ಲ ಅದನ್ನು ಕನ್ನಡಕ್ಕೆ ತಿರುಗಿಸಿ ನೋಡುವುದು. ‘ನನಗೆ ಕೂರಲು ಜಾಗ ಕೊಡಿ’ ಎಂಬುದನ್ನು ಯಾರೆದುರೂ ಹೇಳಬಹುದು, ಆದ್ದರಿಂದ ಆ ಅಡ್ಜಸ್ಟ್ ತಪ್ಪಲ್ಲ. ‘ಸುಳ್ಳು ಲೆಕ್ಕ ಬರೆಯಿರಿ’ ಎಂಬುದನ್ನು ಹೇಳಲಾಗದು, ಆದ್ದರಿಂದ ಆ ಅಡ್ಜಸ್ಟ್ ತಪ್ಪು.

ಪರೀಕ್ಷೆ ಚೆನ್ನಾಗಿದೆ, ಆದರೆ ಸಾಲದು. ಮಗಳ ಶಾಲೆಯ ಫೀಸಿಗೆ ಐನೂರು ರೂಪಾಯಿ ಕೇಳಲು ಬಂದ ನೆರೆಮನೆಯವನು ‘ಸಾಲ ಕೊಡಿ’ ಎನ್ನಲಾಗದೆ ‘ಸ್ವಲ್ಪ ಅಡ್ಜಸ್ಟ್ ಆಗುತ್ತಾ?’ ಎನ್ನುತ್ತಾನೆ. ಅವನೂ ಪದದ ಮುಸುಕು ಹೊದ್ದಿದ್ದಾನೆ. ಅವನದು ತಪ್ಪೇ? ಖಂಡಿತ ಅಲ್ಲ. ಆ ಮುಸುಕು ಅವನ ಮರ್ಯಾದೆಯನ್ನು ಕಾಯುತ್ತಿದೆ. ‘ಇಲ್ಲ’ ಎಂದರೆ ಅವನು ಮುಖ ಕಳೆದುಕೊಳ್ಳದೆ ‘ಪರವಾಗಿಲ್ಲ’ ಎಂದು ಹೋಗಬಹುದು. ‘ಕೊಡುತ್ತೇನೆ’ ಎಂದರೆ ಕೊಟ್ಟವನು ದೊಡ್ಡವನಾಗದೆ, ಪಡೆದವನು ಚಿಕ್ಕವನಾಗದೆ ಕೈ ಬದಲಾಗುತ್ತದೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು ಹಿರಿಯರು ಹೇಳಿದ್ದರ ಹಿಂದೆ ಇರುವುದೂ ಇದೇ ಸೂಕ್ಷ್ಮ. ಆದ್ದರಿಂದ ಮುಸುಕು ಇದೆಯೇ ಎಂದು ಕೇಳಿದರೆ ಸಾಲದು, ಅದು ಯಾರನ್ನು ಮುಚ್ಚುತ್ತಿದೆ ಎಂದೂ ಕೇಳಬೇಕು. ಸೋತವನ ಮರ್ಯಾದೆಯನ್ನು ಮುಚ್ಚಿದರೆ ಅದು ಸಭ್ಯತೆ. ಬಲ್ಲಿದನ ತಪ್ಪನ್ನು ಮುಚ್ಚಿದರೆ ಅದು ಕಪಟ.

ಕೇಳುವವರು ಯಾರು, ಸರಿಯುವವರು ಯಾರು

ನಮ್ಮ ಕರಾವಳಿಯ ಮನೆಗಳಿಗೆ ಗಲ್ಫ್ ಹೊಸದಲ್ಲ. ಭಟ್ಕಳ, ಮುರ್ಡೇಶ್ವರ, ಮಂಕಿ, ಹೊನ್ನಾವರದ ಎಷ್ಟೋ ಮನೆಗಳ ಒಲೆ ಅಲ್ಲಿನ ದುಡಿಮೆಯಿಂದ ಉರಿದಿದೆ. ಆರು ಮಂಚಗಳ ಒಂದು ಕೋಣೆಗೆ ಊರಿನಿಂದ ಏಳನೆಯವನು ಬರುತ್ತಾನೆ. ಕೆಲಸ ಇನ್ನೂ ಸಿಕ್ಕಿಲ್ಲ, ಕೈಯಲ್ಲಿ ಕಾಸಿಲ್ಲ. ‘ಅಡ್ಜಸ್ಟ್ ಮಾಡುವಾ, ಏನಾಗ್ತದೆ’ ಎಂದು ಆರು ಜನ ಜಾಗ ಬಿಡುತ್ತಾರೆ. ಕೆಲಸ ಸಿಗುವವರೆಗೆ ಅವನ ಊಟದ ಪಾಲನ್ನೂ ಇತರರೇ ಹಾಕುತ್ತಾರೆ. ಮುಂದೆ ಇನ್ನೊಬ್ಬ ಬಂದಾಗ ಜಾಗ ಬಿಡುವ ಸರದಿ ಇವನದು. ಇದು ಸರದಿಯಿರುವ, ಕೊನೆಯಿರುವ ಅಡ್ಜಸ್ಟ್. ಅದೇ ಕಾರ್ಮಿಕನಿಗೆ ಮೂರು ತಿಂಗಳ ಸಂಬಳ ಕೊಡದ ಯಜಮಾನನೂ ‘ಸ್ವಲ್ಪ ಅಡ್ಜಸ್ಟ್ ಮಾಡಿಕೊ’ ಎನ್ನುತ್ತಾನೆ. ಅಲ್ಲಿ ಸರದಿ ಇಲ್ಲ. ಯಜಮಾನ ಒಂದು ದಿನವಾದರೂ ಕಾರ್ಮಿಕನಿಗಾಗಿ ಸರಿದವನಲ್ಲ. ಒಪ್ಪದಿದ್ದರೆ ಆಗುವ ನಷ್ಟವೂ ಕಾರ್ಮಿಕನದೇ. ಇಲ್ಲ ಎನ್ನುವ ಸ್ವಾತಂತ್ರ್ಯವಿಲ್ಲದವನನ್ನು ಕೇಳುವುದು ಬೇಡಿಕೆಯಲ್ಲ, ಅಪ್ಪಣೆ.

ಬಸ್ಸಿನ ಸೀಟನ್ನೇ ತೆಗೆದುಕೊಳ್ಳಿ. 1955ರ ಡಿಸೆಂಬರ್ 1ರಂದು ಅಮೆರಿಕದ ಅಲಬಾಮಾ ರಾಜ್ಯದ ಮಾಂಟ್ಗೊಮರಿ ನಗರದಲ್ಲಿ ರೋಸಾ ಪಾರ್ಕ್ಸ್ ಎಂಬ ಹೊಲಿಗೆ ಕೆಲಸದ ಮಹಿಳೆ ಬಸ್ಸಿನಲ್ಲಿ ಮನೆಗೆ ಹೋಗುತ್ತಿದ್ದರು. ಬಿಳಿಯನೊಬ್ಬ ನಿಂತಿದ್ದ. ಆ ಸಾಲಿನಲ್ಲಿ ಕೂತಿದ್ದ ನಾಲ್ವರು ಕಪ್ಪು ಜನರೂ ಏಳಬೇಕೆಂದು ಚಾಲಕ ಹೇಳಿದ. ಮೂವರು ಎದ್ದರು, ರೋಸಾ ಏಳಲಿಲ್ಲ. ಅವರನ್ನು ಬಂಧಿಸಲಾಯಿತು. ಊರಿನ ಕಪ್ಪು ಜನ 381 ದಿನ ಬಸ್ಸು ಹತ್ತದೆ ನಡೆದರು. 1956ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಬಸ್ಸಿನೊಳಗಿನ ಆ ತಾರತಮ್ಯ ಸಂವಿಧಾನಕ್ಕೆ ವಿರುದ್ಧವೆಂಬ ತೀರ್ಪನ್ನು ಎತ್ತಿಹಿಡಿಯಿತು. ಹೊನ್ನಾವರದ ಟೆಂಪೋದಲ್ಲಿ ಎದ್ದು ಸೀಟು ಕೊಡುವುದು ಒಳ್ಳೆಯತನ. ಮಾಂಟ್ಗೊಮರಿಯ ಬಸ್ಸಿನಲ್ಲಿ ಏಳದೆ ಕೂತದ್ದೇ ಒಳ್ಳೆಯತನ. ಕ್ರಿಯೆಯನ್ನಷ್ಟೇ ನೋಡಿದರೆ ಎರಡೂ ಸೀಟಿನ ಮಾತೇ. ವ್ಯತ್ಯಾಸವಿರುವುದು ಒಂದೇ ಕಡೆ. ಇಲ್ಲಿ ಸರಿಯುವವನು ಮನುಷ್ಯನೆಂಬ ಕಾರಣಕ್ಕೆ ಸರಿಯುತ್ತಾನೆ. ಅಲ್ಲಿ ಸರಿಯಬೇಕಾದವಳು ಕೀಳು ಎಂಬ ಕಾರಣಕ್ಕೆ ಸರಿಯಬೇಕಿತ್ತು.

ಆ ಹೋರಾಟದ ಮುಂದಾಳಾಗಿ ಬೆಳೆದ ಮಾರ್ಟಿನ್ ಲೂಥರ್ ಕಿಂಗ್ ಈ ಪದದ ಬಗ್ಗೆಯೇ ಮತ್ತೆ ಮತ್ತೆ ಮಾತಾಡಿದ್ದುಂಟು. 1967ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರ ಸಮ್ಮೇಳನದಲ್ಲಿ ಅವರು, ಸಮಾಜಕ್ಕೆ ಹೊಂದಿಕೊಳ್ಳಲಾಗದವರನ್ನು ರೋಗಿಗಳೆಂದು ಕರೆಯುವ ವಿದ್ಯಾವಂತರ ಎದುರು ನಿಂತು, ವರ್ಣಭೇದಕ್ಕೆ, ಮತಾಂಧತೆಗೆ, ಬಹುಜನರ ಅನ್ನ ಕಿತ್ತು ಕೆಲವರಿಗೆ ವಿಲಾಸ ಒದಗಿಸುವ ವ್ಯವಸ್ಥೆಗೆ ಎಂದೂ ಹೊಂದಿಕೊಳ್ಳಬಾರದು ಎಂಬರ್ಥದ ಮಾತಾಡಿದರು. ಕಾಯಿಲೆ ಇರುವುದು ಸಮಾಜಕ್ಕಾದರೆ ಹೊಂದಿಕೊಳ್ಳದವನೇ ಆರೋಗ್ಯವಂತ. ನಮ್ಮ ನಾಡಿಗೆ ಇದು ತಿಳಿಯದ ಮಾತೇನಲ್ಲ. ಕೌಶಿಕನ ಅರಮನೆಯಲ್ಲಿ ಹೊಂದಿಕೊಂಡು ಇರಲೊಲ್ಲದೆ ಹೊರಟ ಅಕ್ಕಮಹಾದೇವಿಯ ಕಥೆಯನ್ನು ನಾವು ಶತಮಾನಗಳಿಂದ ಹೇಳುತ್ತಲೇ ಬಂದಿದ್ದೇವೆ. ಕಥೆ ಕೇಳಿ ಕೈಮುಗಿಯುತ್ತೇವೆ, ಆಮೇಲೆ ಮನೆಯ ಮಗಳಿಗೆ ಅಡ್ಜಸ್ಟ್ ಮಾಡಿಕೋ ಎನ್ನುತ್ತೇವೆ.

ಮನೆಯೊಳಗಿನ ಪದ

ಹೌದು, ಈ ಪದ ಅತಿ ಹೆಚ್ಚು ಸವೆಸಿರುವುದು ಹೆಣ್ಣುಮಕ್ಕಳನ್ನು. ಸಂಸಾರವೆಂದ ಮೇಲೆ ಇಬ್ಬರೂ ಸರಿಯಬೇಕು, ನಿಜ. ಊಟದ ರುಚಿ, ಮಲಗುವ ಹೊತ್ತು, ಮಾತಿನ ದನಿ, ದುಡ್ಡಿನ ಲೆಕ್ಕ, ಎಲ್ಲದರಲ್ಲೂ ಇಬ್ಬರೂ ಅಷ್ಟಿಷ್ಟು ಬಿಟ್ಟುಕೊಡದೆ ಯಾವ ಮನೆಯೂ ನಿಲ್ಲದು. ಆದರೆ ಮದುವೆಯ ಮಾತುಕತೆಯಲ್ಲಿ ‘ನಮ್ಮ ಹುಡುಗ ಅಡ್ಜಸ್ಟ್ ಮಾಡ್ಕೊಂಡು ಹೋಗ್ತಾನೆ’ ಎಂದು ಗಂಡಿನ ಕಡೆಯವರು ಭರವಸೆ ಕೊಟ್ಟದ್ದನ್ನು ಎಷ್ಟು ಜನ ಕೇಳಿದ್ದೀರಿ? 2005ರಲ್ಲಿ ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ ಕಾಯ್ದೆ ಬಂತು. ಹೊಡೆತವಷ್ಟೇ ಅಲ್ಲ, ಮಾತಿನ ಹಿಂಸೆ, ಮನಸ್ಸಿನ ಹಿಂಸೆ, ಹಣ ತಡೆಹಿಡಿಯುವ ಹಿಂಸೆಯೂ ಅದರ ವ್ಯಾಪ್ತಿಗೆ ಬಂದವು. ಹಿಂಸೆಗೆ ಹಿಂಸೆ ಎಂದೇ ಹೆಸರಿಟ್ಟದ್ದು ಆ ಕಾಯ್ದೆ ಮಾಡಿದ ದೊಡ್ಡ ಉಪಕಾರ. ಮನೆಗಳಲ್ಲಿ ಮಾತ್ರ ಅದರ ಹೆಸರು ಇನ್ನೂ ಅಡ್ಜಸ್ಟ್ ಎಂದೇ ಉಳಿದಿದೆ.

ಈ ಸಂದರ್ಭದಲ್ಲಿ ಪವಿತ್ರ ಕುರ್‌ಆನಿನ 58ನೇ ಅಧ್ಯಾಯ ನೆನಪಾಗುತ್ತದೆ. ಸಭೆಗಳಲ್ಲಿ ಇತರರಿಗೆ ಜಾಗ ಮಾಡಿಕೊಡಿರೆಂದು ಕೇಳಿದಾಗ ಮಾಡಿಕೊಡಬೇಕು, ಹಾಗೆ ಮಾಡಿದವರಿಗೆ ಅಲ್ಲಾಹನು ವೈಶಾಲ್ಯ ಒದಗಿಸುತ್ತಾನೆ ಎಂಬ ಬೋಧನೆ ಅದರ 11ನೇ ವಚನದಲ್ಲಿದೆ. ಪ್ರವಾದಿ(ಸ)ಯವರ ಸಭೆಯಲ್ಲಿ ಮೊದಲೇ ಬಂದು ಕೂತವರು ತಡವಾಗಿ ಬಂದವರಿಗೆ ಎಡೆ ಬಿಡದಿದ್ದ ಸಂದರ್ಭವನ್ನು ವ್ಯಾಖ್ಯಾನಕಾರರು ಇದಕ್ಕೆ ಹೇಳುತ್ತಾರೆ. ಒತ್ತಿ ಕೂತು ಎಡೆ ಬಿಡುವ ನಮ್ಮ ಟೆಂಪೋದ ಸಣ್ಣ ಸೌಜನ್ಯವೂ ದೇವರ ಲೆಕ್ಕಕ್ಕೆ ಸೇರುವಂಥದ್ದೇ.

ಆದರೆ ಆ ಅಧ್ಯಾಯದ ಹೆಸರೇನು? ಅಲ್ ಮುಜಾದಲ. ಅದು ವಾದಿಸಿದ ಒಬ್ಬ ಮಹಿಳೆಯಿಂದ ಬಂದ ಹೆಸರು. ಅಧ್ಯಾಯ ಆರಂಭವಾಗುವುದೇ ಅವಳ ದೂರಿನಿಂದ. ಆಕೆ ಖೌಲಾ. ಗಂಡ ಸಿಟ್ಟಿನಲ್ಲಿ, ನೀನು ನನಗೆ ತಾಯಿಯ ಸಮಾನ ಎಂಬರ್ಥದ ಮಾತಾಡಿದ್ದ. ಅರಬರ ಹಳೆಯ ಪದ್ಧತಿಯಲ್ಲಿ ಅಷ್ಟಕ್ಕೇ ಹೆಂಡತಿ ಹೆಂಡತಿಯಾಗಿಯೂ ಉಳಿಯದೆ, ಬಿಡುಗಡೆಯನ್ನೂ ಕಾಣದೆ ನಡುವೆ ನೇತಾಡಬೇಕಿತ್ತು. ಆ ಕಾಲದ ಹಿರಿಯರಿಗೂ ಅಡ್ಜಸ್ಟ್ ಎಂಬ ಪದ ಗೊತ್ತಿದ್ದರೆ ಅದನ್ನೇ ಆಕೆಗೆ ಹೇಳುತ್ತಿದ್ದರೇನೋ. ಖೌಲಾ ಪ್ರವಾದಿ(ಸ)ಯವರ ಬಳಿಗೆ ಹೋಗಿ ವಾದಿಸಿದಳು, ದೇವರಲ್ಲಿ ದೂರಿಟ್ಟಳು. ಆಕೆಯ ಮಾತನ್ನು ಅಲ್ಲಾಹನು ಆಲಿಸಿದನೆಂದು ಕುರ್‌ಆನ್ ಸಾರಿತು. ಆ ಪದ್ಧತಿಯನ್ನು ಸುಳ್ಳೆಂದು ಕರೆಯಿತು. ಗಂಡನಿಗೆ ಪ್ರಾಯಶ್ಚಿತ್ತ ವಿಧಿಸಿತು. ಗುಲಾಮನೊಬ್ಬನನ್ನು ಬಿಡುಗಡೆ ಮಾಡಬೇಕು, ಆಗದಿದ್ದರೆ ಎಡೆಬಿಡದೆ ಎರಡು ತಿಂಗಳ ಉಪವಾಸ, ಅದೂ ಆಗದಿದ್ದರೆ ಅರವತ್ತು ಬಡವರಿಗೆ ಊಟ. ಮುಂದೆ ಖಲೀಫರಾದ ಹ. ಉಮರ್(ರ) ವೃದ್ಧೆ ಖೌಲಾ ದಾರಿಯಲ್ಲಿ ತಡೆದಾಗ ಬಹಳ ಹೊತ್ತು ನಿಂತು ಆಲಿಸಿದರೆಂಬ ವೃತ್ತಾಂತವೂ ಪ್ರಸಿದ್ಧವಾಗಿದೆ. ಅಲ್ಲಿ ಸರಿದು ನಿಂತದ್ದು ಅಧಿಕಾರ.

ಜಾಗ ಬಿಡಿ ಎಂಬ ಬೋಧನೆ ಮತ್ತು ಅನ್ಯಾಯಕ್ಕೆ ತಲೆಬಾಗದ ಹೆಣ್ಣಿನ ದೂರು ಎರಡೂ ಒಂದೇ ಅಧ್ಯಾಯದಲ್ಲಿವೆ. ಒಂದು ಇನ್ನೊಂದನ್ನು ಅಲ್ಲಗಳೆಯುವುದಿಲ್ಲ. ಸರಿಯುವುದೂ ಧರ್ಮವೇ, ಸರಿಯದಿರುವುದೂ ಧರ್ಮವೇ. ಯಾವಾಗ ಯಾವುದು ಎಂಬ ವಿವೇಕವೇ ಮುಖ್ಯ. ಮೊದಲನೆಯ ಪಾಠವನ್ನು ಮಾತ್ರ ಹೆಣ್ಣುಮಕ್ಕಳಿಗೆ ಕಲಿಸಿ ಎರಡನೆಯದನ್ನು ಮುಚ್ಚಿಡುವ ಮನೆ, ಅದು ಯಾವ ಮತದ್ದೇ ಆಗಿರಲಿ, ತನ್ನ ಗ್ರಂಥವನ್ನು ಅರ್ಧವೇ ಓದಿದೆ.

ಮನೆಯಲ್ಲಿ ಕಲಿಸಿದ ಪದ ಹೊರಗೂ ಹಿಂಬಾಲಿಸುತ್ತದೆ. ಕೇರಳ ಸರಕಾರ 2017ರಲ್ಲಿ ನ್ಯಾಯಮೂರ್ತಿ ಹೇಮಾ ಅವರ ನೇತೃತ್ವದಲ್ಲಿ ಮಲಯಾಳಂ ಚಿತ್ರರಂಗದ ಮಹಿಳೆಯರ ಸ್ಥಿತಿಯ ಅಧ್ಯಯನಕ್ಕೆ ಸಮಿತಿ ನೇಮಿಸಿತು. 2019ರ ಕೊನೆಯಲ್ಲಿ ಸಲ್ಲಿಕೆಯಾದ ವರದಿ ಹೊರಬಂದದ್ದು 2024ರ ಆಗಸ್ಟ್ 19ರಂದು. ಅವಕಾಶ ಬೇಕಾದರೆ ಲೈಂಗಿಕ ಬೇಡಿಕೆಗೆ ಒಪ್ಪಬೇಕೆಂಬುದನ್ನು ಅಲ್ಲಿ ಎರಡು ಸಭ್ಯ ಪದಗಳಲ್ಲಿ ತಿಳಿಸಲಾಗುತ್ತದೆಂದು ವರದಿ ದಾಖಲಿಸಿತು. ಒಂದು ಕಾಂಪ್ರಮೈಸ್, ಇನ್ನೊಂದು ಅಡ್ಜಸ್ಟ್‌ಮೆಂಟ್. ಮರುತಿಂಗಳೇ ಕನ್ನಡ ಚಿತ್ರರಂಗದ ‘ಫೈರ್’ ಸಂಸ್ಥೆಯವರು ಇಲ್ಲಿಯೂ ಅಂಥದೇ ಸಮಿತಿ ಬೇಕೆಂದು ಮುಖ್ಯಮಂತ್ರಿಗಳಿಗೆ ಮನವಿ ಕೊಟ್ಟರು. ಬಸ್ಸಿನ ಸೀಟಿನಲ್ಲಿ ಮುಗ್ಧವಾಗಿದ್ದ ಪದ ಇಲ್ಲಿಗೆ ಬರುವಷ್ಟರಲ್ಲಿ ಏನಾಗಿದೆ ನೋಡಿ. ಇಲ್ಲಿ ಕೇಳುವವನಿಗೆ ಎಲ್ಲ ಅಧಿಕಾರವಿದೆ, ಕೇಳಿಸಿಕೊಂಡವಳಿಗೆ ಇಲ್ಲ ಎನ್ನುವ ಅವಕಾಶವಿಲ್ಲ, ಮುಸುಕು ಮುಚ್ಚಿರುವುದು ಅವನ ಅಪರಾಧವನ್ನು.

ಇಬ್ಬರೂ ಒಪ್ಪಿದರೆ ಸಾಕೆ?

‘ಇಬ್ಬರೂ ಒಪ್ಪಿ ಮಾಡಿಕೊಂಡರೆ ಯಾರಿಗೇನು ತೊಂದರೆ?’ ಎಂದು ಕೇಳುವವರಿದ್ದಾರೆ. ಲಂಚದ ಅಡ್ಜಸ್ಟ್‌ಮೆಂಟಿನಲ್ಲಿ ಹಲವು ಸಲ ಕೊಟ್ಟವನೂ ಖುಷಿ, ಪಡೆದವನೂ ಖುಷಿ. ಆದರೆ ಅದೇ ಕಚೇರಿಯ ಹೊರಗೆ ಸಾಲಿನಲ್ಲಿ ನಿಂತ ಮೂರನೆಯವನೊಬ್ಬನಿದ್ದಾನೆ. ಇವನ ಕಡತ ಮೇಲೆ ಬಂದಾಗ ಅವನ ಕಡತ ಕೆಳಗೆ ಹೋಗುತ್ತದೆ. ಸರಿದವನು ಅವನು, ಆದರೆ ಅವನನ್ನು ಯಾರೂ ಕೇಳಲೇ ಇಲ್ಲ. 2018ರಲ್ಲಿ ಭ್ರಷ್ಟಾಚಾರ ತಡೆ ಕಾಯ್ದೆಗೆ ಆದ ತಿದ್ದುಪಡಿ ಲಂಚ ಕೊಡುವವನನ್ನೂ ನೇರವಾಗಿ ಅಪರಾಧಿಯಾಗಿಸಿತು. ಆದರೆ ಬಲವಂತಕ್ಕೆ ಕೊಟ್ಟವನು ಏಳು ದಿನಗಳೊಳಗೆ ದೂರು ಕೊಟ್ಟರೆ ಅವನಿಗೆ ರಕ್ಷಣೆಯಿದೆ. ಒತ್ತಡಕ್ಕೆ ಬಾಗಿದವನನ್ನೂ ಲಾಭಕ್ಕೆ ಬಾಗಿದವನನ್ನೂ ಕಾನೂನು ಬೇರೆಬೇರೆಯಾಗಿ ನೋಡುತ್ತದೆ. ನಾವೂ ಹಾಗೆ ನೋಡಲು ಕಲಿಯಬೇಕು.

ಪಕ್ಷಗಳ ಒಳಒಪ್ಪಂದದಲ್ಲಿಯೂ ಇದೇ ಕಥೆ. ಅಲ್ಲಿ ಮೂರನೆಯವನು ಮತದಾರ. ಊರಿನಲ್ಲಿ ಗಲಭೆಯಾದ ಮೇಲೆ ನಡೆಯುವ ಶಾಂತಿ ಸಭೆಗಳಲ್ಲಿಯೂ ‘ಎರಡೂ ಕಡೆಯವರು ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಎಂಬ ಮಾತು ಬರುತ್ತದೆ. ಶಾಂತಿ ಬೇಕು, ಅದಕ್ಕಿಂತ ದೊಡ್ಡದಿಲ್ಲ. ಆದರೆ ಅಂಗಡಿ ಸುಟ್ಟುಕೊಂಡವನು ಆ ಸಭೆಯಲ್ಲಿ ಇದ್ದಾನೆಯೇ? ಅವನ ನಷ್ಟಕ್ಕೆ ಉತ್ತರ ಕೊಡುವವರಿದ್ದಾರೆಯೇ? ಅದಿಲ್ಲದೆ ಮುಖಂಡರು ಮಾಡಿಕೊಂಡ ಅಡ್ಜಸ್ಟ್ ಮುಂದಿನ ಬೆಂಕಿಗೆ ಉಳಿಸಿಟ್ಟ ಕೆಂಡ. ಜನರ ನಡುವಿನ ರಾಜಿ ಒಳ್ಳೆಯದೇ, ಆದರೆ ನಿಷಿದ್ಧವನ್ನು ಸಮ್ಮತವಾಗಿಸುವ, ಸಮ್ಮತವನ್ನು ನಿಷಿದ್ಧವಾಗಿಸುವ ರಾಜಿಗೆ ಮಾನ್ಯತೆ ಇಲ್ಲ ಎಂಬರ್ಥದ ಪ್ರವಾದಿ ವಚನ ಇದೆ. ರಾಜಿಗೆ ಕೊನೆಗೂ ಒಂದು ಗಡಿ ಇರಬೇಕು. ಅಡ್ಜಸ್ಟ್ ಎಂಬ ಪದದಲ್ಲಿ ಇಲ್ಲದಿರುವುದು ಆ ಗಡಿಯೇ.

ಕಡಲ ಕರೆಯ ಲೆಕ್ಕ

ಅಪ್ಸರಕೊಂಡದ ಗುಡ್ಡದಿಂದ ಕೆಳಗೆ ನೋಡಿದರೆ ಕಡಲು ಕಾಣುತ್ತದೆ. ಈ ಕರೆಯ ಜನಕ್ಕೆ ಹಂಚಿಕೊಂಡು ಬದುಕುವುದನ್ನು ಇಂಗ್ಲಿಷ್ ಪದ ಬಂದು ಕಲಿಸಬೇಕಿರಲಿಲ್ಲ. ರಂಪಣಿ ಬಲೆಯ ಕಾಲವನ್ನು ಹಿರಿಯರು ಇನ್ನೂ ನೆನೆಯುತ್ತಾರೆ. ಬಲೆಯನ್ನು ಕಡಲಲ್ಲಿ ಅರ್ಧಚಂದ್ರದಂತೆ ಬಿಟ್ಟು, ದಡದಲ್ಲಿ ಎರಡೂ ತುದಿಗಳನ್ನು ಹತ್ತಾರು ಜನ ಎಳೆಯುತ್ತಿದ್ದರು. ಬಲೆಗೆ ಪಾಲು, ದೋಣಿಗೆ ಪಾಲು, ದುಡಿದ ಕೈಗೆ ಪಾಲು. 1970ರ ದಶಕದ ಮಧ್ಯಭಾಗದಲ್ಲಿ ಪರ್ಸೀನ್ ಬೋಟುಗಳು ಬಂದ ಮೇಲೆ ರಂಪಣಿ ಹಿಂದೆ ಸರಿಯಿತು. ರಂಪಣಿಯ ಕಾಲದಲ್ಲಿ ಎಲ್ಲವೂ ನ್ಯಾಯವಾಗಿತ್ತೆಂದು ಹೇಳುವಂತಿಲ್ಲ, ಆಗಲೂ ಒಡೆಯರಿದ್ದರು. ಆದರೆ ಯಾರಿಗೆ ಎಷ್ಟು ಎಂಬ ಲೆಕ್ಕ ದಡದ ಮೇಲೆ ಎಲ್ಲರ ಕಣ್ಣೆದುರು ನಡೆಯುತ್ತಿತ್ತು. ಹೊಂದಾಣಿಕೆ ನ್ಯಾಯವಾಗಿ ಉಳಿಯಬೇಕಾದರೆ ಅದರ ಲೆಕ್ಕ ಬಹಿರಂಗವಾಗಿರಬೇಕು.

ಈಗಲೂ ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವುದಿಲ್ಲ. ಮೀನು ಮರಿ ಮಾಡುವ ಕಾಲವೆಂದು ಮನುಷ್ಯ ಹಿಂದೆ ಸರಿಯುತ್ತಾನೆ. ಇದು ಬಲಿಷ್ಠನು ಬಾಯಿಲ್ಲದ ಜೀವಕ್ಕಾಗಿ ಸರಿಯುವ ಅಡ್ಜಸ್ಟ್. ಅದಕ್ಕೆ ದಿನಾಂಕವಿದೆ, ನಿಯಮವಿದೆ, ಎಲ್ಲರಿಗೂ ಒಂದೇ ಅನ್ವಯವಿದೆ.

ಅದೇ ಕರೆಯಲ್ಲಿ ಇನ್ನೊಂದು ಬಗೆಯದೂ ಇದೆ. ಕಾಸರಕೋಡಿನ ಕಡಲತೀರಕ್ಕೆ 2020ರಲ್ಲಿ ಅಂತಾರಾಷ್ಟ್ರೀಯ ‘ಬ್ಲೂ ಫ್ಲ್ಯಾಗ್’ ಮಾನ್ಯತೆ ಸಿಕ್ಕಿತು. ಪ್ರವಾಸಿಗರು ಬಂದರು. ಅಲ್ಲೇ ಪಕ್ಕದ ಟೊಂಕದಲ್ಲಿ ಖಾಸಗಿ ವಾಣಿಜ್ಯ ಬಂದರಿನ ಯೋಜನೆ ಬಂತು. ಹಿಂದೂ, ಮುಸ್ಲಿಂ, ಕ್ರೈಸ್ತ ಮೀನುಗಾರರು ಒಟ್ಟಾಗಿ ವರ್ಷಗಟ್ಟಲೆ ಅದನ್ನು ವಿರೋಧಿಸುತ್ತ ಬಂದಿದ್ದಾರೆ. ಅದೇ ಮರಳಿನಲ್ಲಿ ಕಡಲಾಮೆಗಳು ಮೊಟ್ಟೆಯಿಡುತ್ತವೆ, ಅದೇ ಮರಳಿನಲ್ಲಿ ಹೆಂಗಸರು ಮೀನು ಒಣಗಿಸುತ್ತಾರೆ. ಬಂದರು ಬೇಕೋ ಬೇಡವೋ ಎಂಬುದನ್ನು ಇಲ್ಲಿ ತೀರ್ಮಾನಿಸಬೇಕಿಲ್ಲ. ಅಭಿವೃದ್ಧಿ ಬೇಕು ಎನ್ನುವವರ ವಾದವನ್ನೂ ಕೇಳಬೇಕು. ಆದರೆ ಈ ಸೀಮೆಗೆ ಒಂದು ಇತಿಹಾಸವಿದೆ. ನಾಡಿಗೆ ಬೆಳಕು ಬೇಕೆಂದು 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ಶರಾವತಿಯ ಮೇಲ್ದಂಡೆಯ ಹಳ್ಳಿಗಳ ಜನ ಸರಿದರು. ದೇಶಕ್ಕೆ ನೌಕಾನೆಲೆ ಬೇಕೆಂದು 1986ರಲ್ಲಿ ಕಾರವಾರದ ಬಳಿ ಸೀಬರ್ಡ್ ಯೋಜನೆಗೆ ಅಡಿಗಲ್ಲು ಬಿದ್ದಾಗ ಸಾವಿರಾರು ಕುಟುಂಬಗಳು ಸರಿಯಬೇಕಾಯಿತು. ಸರಿದವರ ಬೆಲೆ ತೀರುವ ಮುನ್ನವೇ ಮತ್ತೆ ಅವರಂಥವರನ್ನೇ ಸರಿಯಿರಿ ಎನ್ನುವುದು ನಡೆದೇ ಇದೆ. ‘ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು’ ಎಂಬ ಗಾದೆಯನ್ನು ನಮ್ಮ ಜನ ಪುಸ್ತಕ ಓದಿ ಕಟ್ಟಲಿಲ್ಲ. ನಾಡಿನ ಹಿತಕ್ಕೆ ಯಾರಾದರೂ ಸರಿಯಲೇಬೇಕೆಂದಾದರೆ ಪ್ರತಿ ಬಾರಿಯೂ ಅವರೇ ಏಕೆ? ಈ ಪ್ರಶ್ನೆಗೆ ಅಡ್ಜಸ್ಟ್ ಎಂಬ ಪದ ಉತ್ತರ ಕೊಡುವುದಿಲ್ಲ. ಪ್ರಶ್ನೆ ಏಳದಂತೆ ನೋಡಿಕೊಳ್ಳುತ್ತದೆ, ಅಷ್ಟೆ.

ಸರಿ ಎಂಬ ಪದ

ಇಂಗ್ಲಿಷಿನ ಅಡ್ಜಸ್ಟ್ ಪದಕ್ಕೂ ಒಂದು ಹಿನ್ನೆಲೆ ಇದೆ. ಅದರ ಬೇರು ಲ್ಯಾಟಿನ್ನಿನಲ್ಲಿದೆ, ಹತ್ತಿರಕ್ಕೆ ತರುವುದು ಎಂದು ಅದರ ಮೂಲ ಅರ್ಥ. ಫ್ರೆಂಚಿನ ಮೂಲಕ ಹಾದು ಬರುವಾಗ ಜನ ಅದನ್ನು ನ್ಯಾಯ ಎಂಬ ಅರ್ಥದ ಇನ್ನೊಂದು ಲ್ಯಾಟಿನ್ ಪದದೊಂದಿಗೆ ಬೆರೆಸಿದರು. ಹೀಗೆ ಹತ್ತಿರವಾಗುವುದು ಮತ್ತು ನ್ಯಾಯವಾಗಿರುವುದು ಒಂದೇ ಪದದಲ್ಲಿ ಕೂಡಿಕೊಂಡವು. ವ್ಯುತ್ಪತ್ತಿಯ ದೃಷ್ಟಿಯಲ್ಲಿ ಅದು ಜನಸಾಮಾನ್ಯರ ತಪ್ಪು ಕಲ್ಪನೆ. ಆದರೂ ಅಂಥ ತಪ್ಪುಗಳಲ್ಲಿ ಜನ ತಮ್ಮ ಬಯಕೆಯನ್ನು ಹೇಳಿಕೊಂಡಿರುತ್ತಾರೆ.

ಕನ್ನಡಕ್ಕೆ ಆ ಸುತ್ತುದಾರಿ ಬೇಕಿರಲಿಲ್ಲ. ನಮ್ಮಲ್ಲಿ ‘ಸರಿ’ ಎಂದರೆ ಪಕ್ಕಕ್ಕೆ ಸರಿಯುವುದೂ ಹೌದು, ನ್ಯಾಯವಾದದ್ದೂ ಹೌದು, ಸಮನಾದದ್ದೂ ಹೌದು. ‘ಸರಿಯಿರಿ’ ಎನ್ನುವುದಕ್ಕೂ ‘ಇದು ಸರಿ’ ಎನ್ನುವುದಕ್ಕೂ ‘ಸರಿಸಮ’ ಎನ್ನುವುದಕ್ಕೂ ಬಾಯಲ್ಲಿ ಒಂದೇ ಸದ್ದು. ಪರನುಡಿಯ ಪದವನ್ನು ಬಿಡಬೇಕೆಂದಿಲ್ಲ. ಜನ ಒಪ್ಪಿದ ಪದ ಯಾರು ಬಿಡಿ ಎಂದರೂ ಹೋಗದು. ಅಡ್ಜಸ್ಟ್ ಮಾಡಿಕೊಳ್ಳಿ ಎಂದು ಹೇಳುವ ಮುನ್ನ ಆ ಮೂರು ಸರಿಗಳನ್ನು ಒಂದು ಕ್ಷಣ ಕೇಳಿಕೊಂಡರೆ ಸಾಕು. ಸರಿಯುತ್ತಿರುವವರು ಯಾರು? ಹಾಗೆ ಸರಿಯುವುದು ಸರಿಯೇ? ಮುಂದಿನ ಸಲ ಸರಿಯುವ ಪಾಳಿ ಸರಿಸಮವಾಗಿ ನನ್ನದೂ ಆಗಿದೆಯೇ? ಮೂರಕ್ಕೂ ಹೌದೆಂಬ ಉತ್ತರ ಸಿಕ್ಕರೆ ಧಾರಾಳವಾಗಿ ಕೇಳಿ, ಧಾರಾಳವಾಗಿ ಸರಿಯಿರಿ. ಒಂದಕ್ಕಾದರೂ ಉತ್ತರ ತಡವರಿಸಿದರೆ ಬೇರೆಯವರನ್ನು ಸರಿಸುವ ಮುನ್ನ ನಾವೇ ಒಂದು ಹೆಜ್ಜೆ ಹಿಂದೆ ಸರಿಯುವುದು ಸರಿ.